ಬಚ್ಚಲಿನ ಗುಲಾಬಿ ಗೆರೆ

ಊರಲ್ಲಿ ಹತ್ತು ದಿನ ಇದ್ದು ಬಂದು ವಿಜಯನಗರದ ಬಾಡಿಗೆ ಮನೆಯ ಬೀಗ ತೆಗೆದರೆ, ಕಮೋಡಿನೊಳಗೆ ನೀರು ನಿಂತ ಮಟ್ಟಕ್ಕೆ ಸರಿಯಾಗಿ ಒಂದು ಗುಲಾಬಿ ಗೆರೆ. ಬಕೆಟ್ಟಿನ ತಳದಲ್ಲೂ ಅದೇ ಬಣ್ಣದ ಲೋಳೆ, ಬೆರಳಿಟ್ಟರೆ ಜಾರುತ್ತದೆ. ಜೊತೆಗೆ ಬಂದಿದ್ದ ಅಮ್ಮ ಇಣುಕಿ ನೋಡಿ, "ಪಾಚಿ ಕಟ್ಟಿದೆ ಕಣೋ, ಉಜ್ಜು" ಅಂದಳು.

ಪಾಚಿಗೆ ಬೆಳಕು ಬೇಕು. ನಮ್ಮ ಬಚ್ಚಲಿಗಿರುವುದು ಅಂಗೈಯಗಲದ ಕಿಂಡಿ, ಅದರಾಚೆ ಪಕ್ಕದ ಮನೆಯ ಗೋಡೆ! ಇಂಥ ಗುಲಾಬಿ ಲೋಳೆ ಹೆಚ್ಚಾಗಿ ಸೆರೇಶಿಯಾ ಮಾರ್ಸೆಸೆನ್ಸ್ ಎಂಬ ಬ್ಯಾಕ್ಟೀರಿಯಾದ ಕೆಲಸ. ಸೋಪು, ಶಾಂಪೂ ಬಿಟ್ಟುಹೋದ ಜಿಡ್ಡೇ ಇದಕ್ಕೆ ಊಟ. 1819ರಲ್ಲಿ ಇಟಲಿಯ ಪಡುವಾ ಸೀಮೆಯಲ್ಲಿ ಮೆಕ್ಕೆಜೋಳದ ಮುದ್ದೆ ಇದರಿಂದಲೇ ರಕ್ತ ಚೆಲ್ಲಿದ ಹಾಗೆ ಕೆಂಪಾಗಿ, ಜನ ದೆವ್ವದ ಕಾಟವೆಂದು ಹೆದರಿದ್ದರು. ಬಾರ್ತಲೋಮಿಯೊ ಬಿಜಿಯೊ ಎಂಬ ಔಷಧ ತಜ್ಞ ಅದನ್ನು ಬೆಚ್ಚಗಿನ ತೇವದಲ್ಲಿ ಮತ್ತೆ ಬೆಳೆಸಿ, ಇದೊಂದು ಜೀವಿ ಎಂದು ತೋರಿಸಿದ. ಆದರೆ ಶಿಲೀಂಧ್ರ, ಅಂದರೆ ಬೂಷ್ಟು, ಎಂದುಕೊಂಡ. ಅವನೇ ತಪ್ಪಿದ ಮೇಲೆ ಅಮ್ಮನದೇನು ಬಿಡಿ.

ಈ ಬಣ್ಣದ ಹೆಸರು ಪ್ರೊಡಿಜಿಯೋಸಿನ್. 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಬೆಂಗಳೂರಿನ ಮಾಮೂಲಿ ಹಗಲಿನ ಶಾಖದಲ್ಲಿ, ಚೆನ್ನಾಗಿ ಮೂಡುತ್ತದೆ. ನಮ್ಮ ಮೈಯ 37 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆದರೂ ಬಣ್ಣ ಮಾತ್ರ ಸಾಮಾನ್ಯವಾಗಿ ಕಟ್ಟುವುದಿಲ್ಲ. ಗಟ್ಟಿಮುಟ್ಟಾದವರಿಗೆ ಇದರಿಂದ ಅಂಥ ಭಯವಿಲ್ಲ. ಆಸ್ಪತ್ರೆಯಲ್ಲಿ ಮೂತ್ರದ ನಳಿಕೆ ಹಾಕಿಸಿಕೊಂಡು ಮಲಗಿದವರಿಗೆ ಸೋಂಕು ತರಬಲ್ಲದು. ಕಾಂಟ್ಯಾಕ್ಟ್ ಲೆನ್ಸ್ ಡಬ್ಬಿಗೂ ಇದನ್ನು ಬಿಟ್ಟುಕೊಳ್ಳಬಾರದು.

ನೀರು ಸುರಿದರೆ ಯಾಕೆ ಹೋಗುವುದಿಲ್ಲ? ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಅಂಟು ಸುರಿಸಿಕೊಂಡು ಅದರೊಳಗೆ ಸಂಸಾರ ಹೂಡಿರುತ್ತವೆ. ಬೋರ್‌ವೆಲ್‌ನ ಗಡಸು ನೀರು ಕೂರಿಸಿದ ಬಿಳಿ ಕರೆ ಇದ್ದರಂತೂ ಕಾಲೂರಲು ಇನ್ನೂ ಸಲೀಸು. ಉಜ್ಜಿ ಅಂಟು ಕಿತ್ತರಷ್ಟೇ ತೊಳೆಯುವ ಔಷಧಿ ಒಳಗಿಳಿಯುತ್ತದೆ.

ಟೈಲ್ಸ್ ಸಂದಿನ ಕರಿ ಚುಕ್ಕೆಗಳೇ ನಿಜವಾದ ಬೂಷ್ಟು, ಬಹುಪಾಲು ಕ್ಲಾಡೋಸ್ಪೋರಿಯಂ ಜಾತಿಯದು. ಎಳೆಗಳು ಸಂದಿನ ಸಿಮೆಂಟಿನೊಳಕ್ಕೆ ಇಳಿದಿರುವುದರಿಂದ ಮೇಲೆ ಬಿಳಿಯಾದರೂ ವಾರ ಕಳೆದರೆ ಮತ್ತೆ ಹಾಜರ್. ಒಮ್ಮೆ ರೇಗಿ, ಬ್ಲೀಚಿಂಗ್ ಪೌಡರ್ ಹಾಕಿದ್ದ ಕಡೆಯೇ ಆಸಿಡ್ ಸುರಿದೆ. ಎದ್ದದ್ದು ಕ್ಲೋರಿನ್ ಅನಿಲ. ಕೆಮ್ಮುತ್ತ ಹೊರಗೋಡಿದೆ, ಬೂಷ್ಟು ಅಲ್ಲೇ ಇತ್ತು.

ಈಗ ಬಕೆಟ್ಟು, ಮಗ್ಗು ಬೋರಲು ಹಾಕುತ್ತೇನೆ. ಸ್ನಾನವಾದ ಮೇಲೆ ಗೋಡೆಯ ನೀರು ಎಳೆದು ಬಾಗಿಲು ತೆರೆದಿಡುತ್ತೇನೆ. ಒಣಗಿದ ಬಕೆಟ್ಟಿನಲ್ಲಿ ಲೋಳೆ ಕಾಣಿಸಿಲ್ಲ. ಕಮೋಡಿನಲ್ಲಿ ನೀರು ಇರಲೇಬೇಕಲ್ಲ, ಅಲ್ಲಿ ಗೆರೆ ಮೊನ್ನೆ ಮತ್ತೆ ಮೂಡಿತ್ತು.