31 ಮಿಲಿಸೆಕೆಂಡ್ ಎಲ್ಲಿ ಹೋಯಿತು?

ಗಿಟಾರ್ ತಂತಿ ಮೀಟಿದೆ. ಹೆಡ್‌ಫೋನಿನಲ್ಲಿ ಅದು ಒಂದು ಚೂರು ತಡವಾಗಿ ಕೇಳಿತು. ಮತ್ತೆ ಮೀಟಿದೆ, ಮತ್ತೆ ತಡ. ಪಕ್ಕದ ಕೋಣೆಯಲ್ಲಿ ಯಾರೋ ಕೂತು ನನ್ನನ್ನು ಅಣಕಿಸುತ್ತಿದ್ದ ಹಾಗಿತ್ತು.

ಮನೆಯ ಕಂಪ್ಯೂಟರಿನಲ್ಲಿ ಹಾಡು ರೆಕಾರ್ಡ್ ಮಾಡಲು ಹೊರಟವರಿಗೆ ಮೊದಲ ದಿನವೇ ಎದುರಾಗುವ ಈ ತಡಕ್ಕೆ ಲೇಟೆನ್ಸಿ ಅಂತ ಹೆಸರು. ಅದರ ಬೆನ್ನಿಗೇ ಸಲಹೆಗಳೂ ಬರುತ್ತವೆ. "ನಿಮ್ಮ ಕಂಪ್ಯೂಟರ್ ಸ್ಲೋ, ಹೊಸದು ತಗೊಳ್ಳಿ" ಅನ್ನುತ್ತಾರೆ ಒಬ್ಬರು. ದುಬಾರಿ ಯುಎಸ್‌ಬಿ ಕೇಬಲ್ ಹಾಕಿದರೆ ಸರಿಹೋಗುತ್ತೆ ಅನ್ನುತ್ತಾರೆ ಇನ್ನೊಬ್ಬರು. ಆ ಕೇಬಲ್ಲಿಗೂ ತಾಯತಕ್ಕೂ ನನಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಕಂಪ್ಯೂಟರಿನ ಮಾತು ಅಷ್ಟು ಸುಳ್ಳಲ್ಲ, ಆದರೆ ಅದೂ ತಪ್ಪು ಕಡೆಗೆ ಬೆರಳು ತೋರಿಸುತ್ತದೆ. ಈ ತಡದ ಬಹುಪಾಲು ಬೇಕಂತಲೇ ಇಟ್ಟದ್ದು.

ಮಹಡಿ ಮೇಲೆ ಒಂದು ನೀರಿನ ತೊಟ್ಟಿ ಇದೆ ಅಂದುಕೊಳ್ಳಿ. ಅದರ ನಲ್ಲಿ ಸದಾ ತೆರೆದೇ ಇರುತ್ತದೆ, ಒಂದು ಕ್ಷಣವೂ ಧಾರೆ ಕಡಿಯಬಾರದು. ಕೆಳಗಿನಿಂದ ಒಬ್ಬ ಹುಡುಗ ಬಕೆಟ್‌ನಲ್ಲಿ ನೀರು ತಂದು ತೊಟ್ಟಿಗೆ ಸುರಿಯುತ್ತಾನೆ. ನಲ್ಲಿ ಅಂದರೆ ಸೌಂಡ್ ಕಾರ್ಡ್. ಅದು ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದನ್ನು ಕ್ಷಣಕ್ಷಣಕ್ಕೂ ಅಳೆದ ಅಂಕಿಗಳು) ನುಂಗುತ್ತದೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಹುಡುಗ ಅಂದರೆ ಕಂಪ್ಯೂಟರ್. ತೊಟ್ಟಿ ಅಂದರೆ ಬಫರ್. ಹುಡುಗ ಗಟ್ಟಿಗ, ಓಡೋಡಿ ಬರುತ್ತಾನೆ. ಆದರೆ ದಾರಿಯಲ್ಲಿ ಯಾರಾದರೂ ಕರೆದರೆ ನಿಂತು ಮಾತಾಡುತ್ತಾನೆ. ಅಷ್ಟರಲ್ಲಿ ತೊಟ್ಟಿ ಬರಿದಾದರೆ ಧಾರೆ ಕಡಿಯಿತು. ಕಿವಿಗೆ ಅದು 'ಟಪ್' ಅಂತ ಕೇಳುತ್ತದೆ.

ತೊಟ್ಟಿ ದೊಡ್ಡದಿದ್ದರೆ ಅವನು ಎಷ್ಟು ಹರಟಿದರೂ ಚಿಂತೆ ಇಲ್ಲ. ಆದರೆ ಈಗ ಒಂದು ಬಕೆಟ್ ಕೆಂಪು ನೀರು ಸುರಿದು ನೋಡಿ. ನಲ್ಲಿಯಲ್ಲಿ ಕೆಂಪು ಕಾಣುವುದು ಮುಂಚಿನ ನೀರೆಲ್ಲ ಇಳಿದು ಹೋದ ಮೇಲೆ ತಾನೇ? (ನೀರು ಬೆರೆತು ಹೋಗಲ್ವಾ ಅಂತ ಕೇಳಬೇಡಿ, ಹೋಲಿಕೆಯನ್ನು ಅಷ್ಟು ಹಿಂಡಬಾರದು.) ನೀವು ಈಗಷ್ಟೇ ಮೀಟಿದ ತಂತಿಯ ಸದ್ದು ಆ ಕೆಂಪು ನೀರು.

ಒಳಗೆ ಬರುವ ದಾರಿಯಲ್ಲೂ ಇದೇ ಗೋಳು, ರೂಪ ಮಾತ್ರ ಬೇರೆ. ಸೀಟು ಭರ್ತಿಯಾಗದೆ ಹೊರಡದ ವ್ಯಾನಿನಲ್ಲಿ ಮೊದಲು ಹತ್ತಿದವನ ಪಾಡು ನೆನೆಸಿಕೊಳ್ಳಿ. ಕೊನೆಯವನು ಬರುವ ತನಕ ಅವನು ಸುಮ್ನೆ ಕೂತಿರಬೇಕು. ಸೆಕೆಂಡಿಗೆ 48,000 ಜನ ಬಂದರೂ 512 ಸೀಟಿನ ವ್ಯಾನ್ ತುಂಬಲು 10.7 ಮಿಲಿಸೆಕೆಂಡ್ ಬೇಕು. 128 ಸೀಟಾದರೆ 2.7 ಸಾಕು. ಒಳಗೆ ಹೋಗಲು ಒಂದು ವ್ಯಾನ್, ಹೊರಗೆ ಬರಲು ಇನ್ನೊಂದು. ಹಾಗಾಗಿ 512ರ ಬಫರ್ ಇಟ್ಟರೆ ಹೋಗಿ ಬರಲು 21.3 ಮಿಲಿಸೆಕೆಂಡ್ ಹಿಡಿದೇ ಹಿಡಿಯುತ್ತದೆ. ಪ್ರೊಸೆಸರ್ ಎಷ್ಟೇ ಚುರುಕಾಗಿದ್ದರೂ ವ್ಯಾನ್ ಬೇಗ ತುಂಬುವುದಿಲ್ಲ. ಜನ ಬರುವ ವೇಗ ಅಷ್ಟೇ ಇದೆ, ಅಲ್ವಾ?

ಹಾಗಾದರೆ ಬಫರನ್ನೇ ಚಿಕ್ಕದು ಮಾಡಿಬಿಡಬಹುದಲ್ಲ? ಮಾಡಬಹುದು. 128ಕ್ಕೆ ಇಳಿಸಿದರೆ ನಮ್ಮ ಹುಡುಗ ಸೆಕೆಂಡಿಗೆ 375 ಸಲ ಬಕೆಟ್ ಹೊರಬೇಕು. ನಾಲ್ಕು ನಿಮಿಷದ ಹಾಡಿಗೆ 90,000 ಸಲ. 89,999 ಸಲ ಸರಿಯಾಗಿ ಬಂದು ಒಂದೇ ಒಂದು ಸಲ ತಡಮಾಡಿದರೂ ಹಾಡಿನಲ್ಲಿ ಒಂದು 'ಟಪ್' ಉಳಿದುಬಿಡುತ್ತದೆ. ಮನೆಯ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಈ ಥರದ ಕೆಲಸವನ್ನು ಮನಸ್ಸಿನಲ್ಲಿಟ್ಟು ಕಟ್ಟಿದ್ದಲ್ಲ. ನೂರು ಕೆಲಸಗಳನ್ನು ಒಟ್ಟಾರೆ ಬೇಗ ಮುಗಿಸುವುದರಲ್ಲಿ ಅದು ಜಾಣ. ಇಂಥ ಕ್ಷಣಕ್ಕೆ ಇಂಥದ್ದು ಆಗಲೇಬೇಕು ಅಂದರೆ ಕೈ ಎತ್ತುತ್ತದೆ. ಯಾವುದೋ ಡ್ರೈವರ್ (ಕಂಪ್ಯೂಟರಿನ ಒಂದೊಂದು ಸಾಧನವನ್ನು ನಡೆಸುವ ಸಾಫ್ಟ್‌ವೇರ್) ನಡುವೆ ಬಾಯಿ ಹಾಕುತ್ತದೆ, ಬ್ಯಾಟರಿ ಉಳಿಸಲು ಪ್ರೊಸೆಸರ್ ತೂಕಡಿಸುತ್ತದೆ. "ರೆಕಾರ್ಡಿಂಗ್ ಮಾಡುವಾಗ ವೈಫೈ ಆಫ್ ಮಾಡಿ" ಅನ್ನುವ ಸಲಹೆ ಮೂಢನಂಬಿಕೆ ಥರ ಕೇಳಿಸುತ್ತದೆ. ಆದರೆ ಅದಕ್ಕೆ ಕಾರಣ ಇದೆ: ದಾರಿಯಲ್ಲಿ ಹುಡುಗನನ್ನು ಕರೆಯುವವರಲ್ಲಿ ವೈಫೈ ಡ್ರೈವರೂ ಒಬ್ಬ. ಹೊಸ ಕಂಪ್ಯೂಟರ್ ಕೊಡುವ ಲಾಭವೂ ಇಷ್ಟೇ. ಚಿಕ್ಕ ತೊಟ್ಟಿ ಇಟ್ಟರೂ ಧಾರೆ ಕಡಿಯದ ಹಾಗೆ ನೋಡಿಕೊಳ್ಳುತ್ತದೆ. ತೊಟ್ಟಿಯನ್ನು ಚಿಕ್ಕದು ಮಾಡುವ ಕೆಲಸ ಮಾತ್ರ ನಿಮ್ಮದೇ.

ಎಷ್ಟು ತಡವಾದರೆ ಜಾಸ್ತಿ? ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಅಂದರೆ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್. 10 ಮಿಲಿಸೆಕೆಂಡ್ ಲೇಟೆನ್ಸಿ ಇದ್ದರೆ ಸ್ಪೀಕರ್ ಮೂರೂವರೆ ಮೀಟರ್ ದೂರದಲ್ಲಿ ಇದ್ದ ಹಾಗೆ. ಗಿಟಾರ್ ನುಡಿಸುವವರು ವೇದಿಕೆ ಮೇಲೆ ಅಷ್ಟು ದೂರ ನಿಂತು ನುಡಿಸುತ್ತಲೇ ಇರುತ್ತಾರೆ. ಹಾಡುವವರ ಕಷ್ಟವೇ ಬೇರೆ. ಅವರ ದನಿ ತಲೆಬುರುಡೆಯ ಮೂಳೆಯ ಮೂಲಕ ತಡವಿಲ್ಲದೆ ಒಳಗಿವಿಗೆ ತಲುಪಿರುತ್ತದೆ. ಅದರ ಮೇಲೆ ಹೆಡ್‌ಫೋನಿನಿಂದ 5 ಮಿಲಿಸೆಕೆಂಡ್ ತಡವಾಗಿ ಅದೇ ದನಿ ಬಂದು ಬೀಳುತ್ತದೆ. ಎರಡು ಅಲೆಗಳು ಕೂಡಿದಾಗ 100, 300, 500 ಹರ್ಟ್ಸ್ ಹೀಗೆ ಬಿಟ್ಟು ಬಿಟ್ಟು ಕೆಲವು ಕಂಪನಗಳು ಒಂದನ್ನೊಂದು ತಿಂದುಹಾಕುತ್ತವೆ. ಹಾಡುವವರಿಗೆ ಇದು ತಡ ಅನ್ನಿಸುವುದೇ ಇಲ್ಲ. "ನನ್ನ ದನಿ ಯಾಕೋ ಕೊಳವೆಯೊಳಗಿಂದ ಬಂದ ಹಾಗಿದೆ" ಅನ್ನುತ್ತಾರೆ, ಪಾಪ ಮೈಕಿಗೆ ಬೈಯುತ್ತಾರೆ.

ತಡ ಇನ್ನೂ ಬೆಳೆದರೆ ಮಾತೇ ಕೆಡುತ್ತದೆ. ಮಾತಾಡುವವರಿಗೆ ಅವರದೇ ದನಿಯನ್ನು ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡಮಾಡಿ ಕೇಳಿಸಿದರೆ ತೊದಲುತ್ತಾರೆ ಅಂತ ಸಂಶೋಧಕ ಬರ್ನಾರ್ಡ್ ಲೀ 1950ರಲ್ಲೇ ಬರೆದಿದ್ದರು. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನಿನ ತಡವೂ ಹೆಚ್ಚುಕಡಿಮೆ ಅದೇ ಆಸುಪಾಸಿನದು. ರೆಕಾರ್ಡಿಂಗ್ ಹೊತ್ತಿಗೆ ಅದನ್ನು ಪಕ್ಕಕ್ಕಿಟ್ಟು ತಂತಿ ಇರುವ ಹೆಡ್‌ಫೋನ್ ಹುಡುಕಿಕೊಳ್ಳಿ.

ಈ ತಲೆನೋವು ಕಂಪ್ಯೂಟರಿಗಿಂತ ಹಳೆಯದು ಅನ್ನುವುದು ನನಗೆ ಬಲು ಖುಷಿ ಕೊಡುವ ಸಂಗತಿ. ಟೇಪ್ ಯಂತ್ರದಲ್ಲಿ ಬರೆಯುವ ಹೆಡ್ ಬೇರೆ, ಓದುವ ಹೆಡ್ ಬೇರೆ. ಟೇಪ್ ಮೊದಲು ಬರೆಯುವ ಹೆಡ್ ದಾಟಿ ಆಮೇಲೆ ಓದುವ ಹೆಡ್ಡಿಗೆ ಬರುತ್ತದೆ. ಹಿಂದೆ ನುಡಿಸಿದ್ದನ್ನು ಓದುವ ಹೆಡ್ಡಿನಿಂದ ಕೇಳಿಸಿಕೊಳ್ಳುತ್ತ ಅದರ ಜೊತೆ ಹೊಸದನ್ನು ನುಡಿಸಿದಿರಿ ಅನ್ನಿ. ಹೊಸದು ಟೇಪಿನ ಮೇಲೆ ಬೀಳುವುದು ಬರೆಯುವ ಹೆಡ್ ಇರುವ ಜಾಗದಲ್ಲಿ. ಎರಡರ ನಡುವೆ ಎರಡು ಇಂಚು ಅಂತರ, ಟೇಪಿನ ಓಟ ಸೆಕೆಂಡಿಗೆ 15 ಇಂಚು ಅಂದರೆ ಹೊಸ ವಾದ್ಯ 133 ಮಿಲಿಸೆಕೆಂಡ್ ಹಿಂದೆ ಬಿತ್ತು. ಆಂಪೆಕ್ಸ್ ಕಂಪನಿಯ ರಾಸ್ ಸ್ನೈಡರ್ ಇದಕ್ಕೆ ಕಂಡುಕೊಂಡ ಉಪಾಯ ಸರಳ: ಹಳೆಯದನ್ನೂ ಬರೆಯುವ ಹೆಡ್ಡಿನಿಂದಲೇ ಓದಿಸುವುದು. ಸೆಲ್-ಸಿಂಕ್ ಅನ್ನುವ ಈ ಏರ್ಪಾಡಿದ್ದ ಎಂಟು ಟ್ರ್ಯಾಕಿನ ಯಂತ್ರ 1957ರಲ್ಲಿ ಗಿಟಾರ್ ವಾದಕ ಲೆಸ್ ಪಾಲ್ ಮನೆ ಸೇರಿತು. ಅದರಿಂದ ಕೇಳುವ ಸದ್ದು ಸ್ವಲ್ಪ ಮಂಕಾಗಿರುತ್ತಿತ್ತು, ಆದರೆ ಕಾಲ ಮಾತ್ರ ಪಕ್ಕಾ.

ಇವತ್ತು ಮೈಕು, ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಗಳಲ್ಲಿ, ಅಂದರೆ ಆಡಿಯೋ ಇಂಟರ್‌ಫೇಸ್‌ಗಳಲ್ಲಿರುವ ಡೈರೆಕ್ಟ್ ಮಾನಿಟರಿಂಗ್ ಗುಂಡಿಯೂ ಅಂಥದ್ದೇ ಸರಳ ಉಪಾಯ. ಮೈಕಿನ ಸದ್ದು ಕಂಪ್ಯೂಟರಿಗೆ ಹೋಗಿ ಬರುವುದನ್ನು ಕಾಯದೆ ಪೆಟ್ಟಿಗೆಯೊಳಗೇ ಕವಲೊಡೆದು ಹೆಡ್‌ಫೋನಿಗೆ ಬರುತ್ತದೆ. ಆಗ ಸಾಫ್ಟ್‌ವೇರಿನಲ್ಲಿ ಅದೇ ಟ್ರ್ಯಾಕಿನ ಮಾನಿಟರ್ (ಒಳಬಂದ ಸದ್ದನ್ನು ಮತ್ತೆ ಹೊರಗೆ ಕೇಳಿಸುವ ಸೆಟ್ಟಿಂಗ್) ಆಫ್ ಮಾಡಲು ಮರೆಯಬೇಡಿ, ಇಲ್ಲವಾದರೆ ಎರಡೂ ಕೇಳುತ್ತವೆ. ಸಾಫ್ಟ್‌ವೇರ್ ಆಂಪ್ ಹಾಕಿಕೊಂಡು ಗಿಟಾರ್ ನುಡಿಸುವವರಿಗೆ, ಸಾಫ್ಟ್‌ವೇರ್ ಪಿಯಾನೋ ನುಡಿಸುವವರಿಗೆ ಈ ಗುಂಡಿ ಕೆಲಸಕ್ಕೆ ಬಾರದು, ಸದ್ದು ಹುಟ್ಟುವುದೇ ಕಂಪ್ಯೂಟರಿನೊಳಗೆ. ಅವರು ಬಫರ್ ಇಳಿಸಲೇಬೇಕು. ವಿಂಡೋಸ್‌ನಲ್ಲಾದರೆ ಇಂಟರ್‌ಫೇಸ್ ಜೊತೆ ಬರುವ ಆಸಿಯೊ ಡ್ರೈವರ್ ಹಾಕಿಕೊಳ್ಳಿ. ಸ್ಟೈನ್‌ಬರ್ಗ್ ಕಂಪನಿ 1997ರಲ್ಲಿ ಇದನ್ನು ತಂದಿದ್ದೇ ವಿಂಡೋಸ್‌ನ ಮಾಮೂಲಿ ಆಡಿಯೋ ದಾರಿಯನ್ನು ತಪ್ಪಿಸಿ ಹೋಗಲು. ರೆಕಾರ್ಡಿಂಗ್ ಮುಗಿಸಿ ಮಿಕ್ಸಿಂಗ್ ಮಾಡುವಾಗ ಬಫರ್ 1,024 ಇಟ್ಟು ಆರಾಮಾಗಿರಿ. ಆಗ ತಡದ ಗೊಡವೆ ಯಾರಿಗೂ ಇಲ್ಲ.

ಇನ್ನು ಆ 31ರ ಲೆಕ್ಕ. ಇಂಟರ್‌ಫೇಸಿನ ಔಟ್‌ಪುಟ್ಟಿನಿಂದ ಇನ್‌ಪುಟ್ಟಿಗೆ ಒಂದು ಕೇಬಲ್ ಸಿಕ್ಕಿಸಿದೆ (ಮಾಮೂಲಿ ಕೇಬಲ್). ಆ ಟ್ರ್ಯಾಕಿನ ಮಾನಿಟರ್ ಆಫ್ ಮಾಡಿದೆ, ಇಲ್ಲವಾದರೆ ಸದ್ದು ಸುತ್ತಿ ಸುತ್ತಿ ಕಿರುಚುತ್ತದೆ. ಸಾಫ್ಟ್‌ವೇರಿನ ತಡ ಸರಿಪಡಿಸುವ ಸೆಟ್ಟಿಂಗನ್ನೂ ಆಫ್ ಮಾಡಿ, ಒಂದು 'ಟಿಕ್' ಬಿಟ್ಟು ಅದನ್ನೇ ರೆಕಾರ್ಡ್ ಮಾಡಿಕೊಂಡೆ. ಎರಡು ಟ್ರ್ಯಾಕನ್ನೂ ಹಿಗ್ಗಿಸಿ ನೋಡಿದರೆ ಹೊಸ 'ಟಿಕ್' 1,488 ಸ್ಯಾಂಪಲ್ ಆಚೆ ನಿಂತಿತ್ತು. 31 ಮಿಲಿಸೆಕೆಂಡ್. ನನ್ನ ಬಫರ್ 512. ಎರಡು ಬಫರಿಗೆ 1,024 ಕಳೆದರೂ 464 ಸ್ಯಾಂಪಲ್‌ಗೆ ಲೆಕ್ಕ ಸಿಗಲಿಲ್ಲ. ಬಫರ್ 128ಕ್ಕೆ ಇಳಿಸಿ ಮತ್ತೆ ಅಳೆದೆ: 720. ಅದರಲ್ಲಿ 256 ಬಫರಿನದು, ಉಳಿದದ್ದು ಮತ್ತೆ 464! ತೊಟ್ಟಿ ನಾಲ್ಕನೇ ಒಂದು ಭಾಗವಾದರೂ ತಡ ಅರ್ಧಕ್ಕಷ್ಟೇ ಇಳಿದಿದ್ದು ಇದಕ್ಕೇ. ಸದ್ದನ್ನು ಅಂಕಿ ಮಾಡುವ, ಅಂಕಿಯನ್ನು ಮತ್ತೆ ಸದ್ದು ಮಾಡುವ ಚಿಪ್‌ಗಳ ಫಿಲ್ಟರುಗಳು, ಡ್ರೈವರ್ ಗುಟ್ಟಾಗಿ ಇಟ್ಟುಕೊಂಡ ಸಣ್ಣ ತೊಟ್ಟಿಗಳು, ಎಲ್ಲ ಸೇರಿ ಆ 464.

ರೆಕಾರ್ಡಿಂಗ್ ಸಾಫ್ಟ್‌ವೇರ್ ತಾನಾಗಿಯೇ ಟ್ರ್ಯಾಕನ್ನು ಮುಂಚಿನ ಹೊತ್ತಿಗೆ ಸರಿಸಿ ತಡವನ್ನು ಸರಿಮಾಡುತ್ತದೆ. ಆದರೆ ಅದು ನಂಬುವುದು ಡ್ರೈವರ್ ಹೇಳಿದ ಅಂಕಿಯನ್ನು. ನನ್ನ ಡ್ರೈವರ್ 1,024 ಅಂತ ಹೇಳಿ ಮಿಕ್ಕಿದ್ದನ್ನು ನುಂಗಿಕೊಂಡಿತ್ತು. ಹಾಗಾಗಿ ಒಂದರ ಮೇಲೊಂದು ರೆಕಾರ್ಡ್ ಮಾಡಿದ ಪ್ರತಿ ಪದರವೂ 9.7 ಮಿಲಿಸೆಕೆಂಡ್ ಹಿಂದೆ. ಹಿಂದಿನ ಪದರವನ್ನೇ ಕೇಳುತ್ತ ಮುಂದಿನದನ್ನು ನುಡಿಸುತ್ತ ಹೋದರೆ ನಾಲ್ಕನೆಯದು ಮೊದಲನೆಯದಕ್ಕಿಂತ 29 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ. ಇಷ್ಟು ದಿನ ನನ್ನ ತಾಳಜ್ಞಾನವನ್ನು ಶಪಿಸಿಕೊಂಡು ಕೂತಿದ್ದೆ!

ಸೆಟ್ಟಿಂಗ್ಸ್‌ನಲ್ಲಿ ರೆಕಾರ್ಡಿಂಗ್ ಆಫ್‌ಸೆಟ್ ಅನ್ನುವ ಜಾಗ ಹುಡುಕಿ 464 ಅಂತ ತುಂಬಿದೆ, ಸರಿಪಡಿಸುವ ಸೆಟ್ಟಿಂಗನ್ನು ಮತ್ತೆ ಆನ್ ಮಾಡಿ ಅಳೆದೆ. ಇನ್ನಷ್ಟು ಆಚೆ ಹೋಗಿತ್ತು, ಸರಿಯಾಗಿ 928. ಅಂಕಿಯ ಮುಂದೆ ಮೈನಸ್ ಹಾಕಬೇಕಿತ್ತು. ಹಾಕಿದ ಮೇಲೆ ಎರಡು 'ಟಿಕ್'ಗಳೂ ಒಂದರ ಕೆಳಗೊಂದು ಗೆರೆ ಎಳೆದ ಹಾಗೆ ನಿಂತವು.