ಬ್ಯಾಸಿಗ್ಯಾಗ ಕಾಂಪೋಸ್ಟ್ ಯಾಕ ನಿಂತುಬಿಡ್ತದ?

ಪ್ರಶ್ನೆ: ಮಾಳಿಗಿ ಮ್ಯಾಲ ಮಣ್ಣಿನ ಮಡಕ್ಯಾಗ ಅಡುಗಿಮನಿ ಕಸ ಹಾಕ್ಲತ್ತೀನ್ರಿ. ಚಳಿಗಾಲದಾಗ ಗೊಬ್ಬರ ಚಂದ ಆಗಿತ್ತು. ಈಗ ಸಿಪ್ಪಿ ಎಲ್ಲಾ ಹಂಗೇ ಒಣಗಿ ನಿಂತಾವ, ಇರುವಿ ಬೇರೆ ಹತ್ಯಾವ. ಗೊಬ್ಬರ ಮಾಡೋ ಜೀವಾಣು ಬಿಸಿಲಿಗಿ ಸತ್ತಾವೇನ್ರಿ?
– ಕಲಬುರಗಿಯ ಓದುಗರೊಬ್ಬರು

ಉತ್ತರ: ಬಿಸಿಲಿನ ಮೇಲೆ ತಪ್ಪು ಹೊರಿಸಬೇಡಿ. ದೊಡ್ಡ ಗೊಬ್ಬರದ ರಾಶಿಯ ಒಡಲು ತಾನಾಗಿಯೇ 55–60 ಡಿಗ್ರಿಗೆ ಏರುತ್ತದೆ, ಆ ಕಾವಿನಲ್ಲೇ ದುಡಿಯುವ ಬ್ಯಾಕ್ಟೀರಿಯಾಗಳಿವೆ. ನಮ್ಮ ಮೇ ತಿಂಗಳ 42 ಡಿಗ್ರಿಗೆ ಅವು ಹೆದರುವುದಿಲ್ಲ. ಅವುಗಳಿಗೆ ನೀರು ಸಿಗುತ್ತಿಲ್ಲ, ಅಷ್ಟೇ. ಸಿಪ್ಪೆ, ಎಲೆಗಳ ಮೈಗೆ ಅಂಟಿದ ತೆಳುವಾದ ತೇವದಲ್ಲೇ ಅವುಗಳ ಬದುಕು. ಅದರಲ್ಲಿ ಕರಗಿದ್ದೇ ಅವುಗಳ ಊಟ. ಕಸದ ತೂಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ನೀರಿರಬೇಕು. ಶೇ. 40ಕ್ಕಿಂತ ಇಳಿದರೆ ಕೊಳೆಯುವುದು ನಿಧಾನವಾಗುತ್ತದೆ, ಇನ್ನೂ ಒಣಗಿದರೆ ನಿಂತೇಹೋಗುತ್ತದೆ. ಇರುವೆ ಗೂಡು ಕಟ್ಟಿದ್ದು ಒಣಗಿದ್ದರ ಗುರುತು.

ಮಡಕೆಯ ಗುಣವನ್ನೂ ನೆನೆಯಿರಿ. ಬೇಸಿಗೆಯಲ್ಲಿ ನೀರನ್ನು ತಣ್ಣಗಿಡುವುದು ಅದರ ಮೈಯಿಂದ ಜಿನುಗಿ ಆರುವ ತೇವವೇ ಅಲ್ಲವೇ? ಕಸದ ಮಡಕೆಯಲ್ಲೂ ಅದೇ ನಡೆಯುತ್ತದೆ. ಅದೂ ಮಾಳಿಗೆಯ ಬಿಸಿಗಾಳಿಯಲ್ಲಿ! ನಮ್ಮ ಹಳ್ಳಿಗಳ ತಿಪ್ಪಿಗುಂಡಿ ನೆಲದೊಳಗಿರುತ್ತದೆ, ಸಗಣಿ–ಗಂಜಲ ದಿನವೂ ಬೀಳುತ್ತದೆ. ಹಾಗಾಗಿ ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ.

ಈಗ ಮೇಲಿಂದ ಒಂದು ಕೊಡ ನೀರು ಸುರಿದರೆ ಉಪಯೋಗವಿಲ್ಲ. ಪೂರ್ತಿ ಒಣಗಿದ ಕಸ ನೀರನ್ನು ಬೇಗ ಹೀರುವುದಿಲ್ಲ. ನೀರು ಬದಿಯಿಂದ ಇಳಿದು ತಳದ ತೂತಿನಿಂದ ಹೊರಗೆ ಹೋಗುತ್ತದೆ. ಕಸವನ್ನೆಲ್ಲ ಒಂದು ಬುಟ್ಟಿಗೆ ಸುರಿದು, ಅಕ್ಕಿ–ಬ್ಯಾಳಿ ತೊಳೆದ ನೀರನ್ನು ಚಿಮುಕಿಸುತ್ತಾ ಕೈಯಾಡಿಸಿ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ: ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಹದ ಬಂತು. ಧಾರೆಯಾಗಿ ಸುರಿದರೆ ಹೆಚ್ಚಾಯಿತು, ಗಾಳಿಯಾಡದೆ ನಾರುತ್ತದೆ. ತಳಕ್ಕೆ ಮುರಿದ ತೊಗರಿ ಕಟ್ಟಿಗೆ ಹಾಸಿದರೆ ಗಾಳಿಗೆ ದಾರಿ ಉಳಿಯುತ್ತದೆ. ಹಳೆಯ ಗೊಬ್ಬರ ಎರಡು ಹಿಡಿ ಇದ್ದರೆ ಬೆರೆಸಿ.

ಮಡಕೆಯನ್ನು ನೆರಳಿಗೆ ಇಳಿಸಿ, ಹೊರಮೈಗೆ ಒದ್ದೆ ಗೋಣಿ ತಟ್ಟು ಸುತ್ತಿ. ಕಲ್ಲಂಗಡಿ ಸಿಪ್ಪೆ ಈಗ ಧಾರಾಳ, ಸಣ್ಣಗೆ ಹೆಚ್ಚಿ ಹಾಕಿದರೆ ಅದರ ನೀರೇ ಅರ್ಧ ಕೆಲಸ ಮಾಡುತ್ತದೆ.

ಉದುರಿದ ಬೇವಿನ ಎಲೆಗಳನ್ನು ಮಾತ್ರ ಸುಡಬೇಡಿ. ಚೀಲ ತುಂಬಿಡಿ, ಜೂನ್‌ನಲ್ಲಿ ಮಳೆ ಹಿಡಿದು ಕಸ ರಾಡಿಯಾದಾಗ ಮುಷ್ಟಿಗಟ್ಟಲೆ ಬೇಕಾಗುತ್ತವೆ.