ಸೆಟ್ ಗಟ್ಟಿ ಇದೆ, ಸಾಫ್ಟ್‌ವೇರ್ ಮುದಿಯಾಗಿದೆ

ಶಿರಸಿಯ ದೇವಿಕೆರೆ ಹತ್ತಿರದ ಮೊಬೈಲ್ ರಿಪೇರಿ ಅಂಗಡಿಗೆ ಅಪ್ಪಯ್ಯನ ಹಳೆಯ ಫೋನ್ ಒಯ್ದಿದ್ದೆ. ಅಂಗಡಿಯವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಸೆಟ್ಟಿಗೆ ಏನೂ ಆಗಿಲ್ಲ ಮಾರಾಯ್ರೆ, ಅಪ್‌ಡೇಟ್ ಬರೋದು ನಿಂತಿದೆ ಅಷ್ಟೆ" ಎಂದರು. ಬ್ಯಾಟರಿ ಒಮ್ಮೆ ಬದಲಾಗಿತ್ತು. ಕವರಿನ ಮೇಲೆ ಅಡಿಕೆ ಚೊಗರಿನ ಕಲೆ ಬಿಟ್ಟರೆ ಬೇರೆ ದೋಷ ಇರಲಿಲ್ಲ. ಅಪ್ಪಯ್ಯನಿಗೆ ಬೇಕಾಗಿದ್ದು ಕರೆ, ವಾಟ್ಸಾಪ್, ಚಾಲಿ ಮತ್ತು ರಾಶಿ ಅಡಿಕೆಯ ಇವತ್ತಿನ ದರ, ಸಂಜೆಗೆ ಒಂದು ಯಕ್ಷಗಾನ. ಇಷ್ಟಕ್ಕೆ ಹೊಸ ಫೋನ್ ಯಾಕೆ?

ಫೋನ್ ಮುದಿಯಾಗುವುದು ಸಾಮಾನ್ಯವಾಗಿ ಒಳಗಿನ ಚಿಪ್ಪಿನಿಂದ. ಚಿಪ್ ಮಾಡಿದವರು ಅದರ ಡ್ರೈವರ್‌ಗಳನ್ನು (ಚಿಪ್ಪನ್ನು ಆಂಡ್ರಾಯ್ಡಿಗೆ ಜೋಡಿಸುವ ಸಾಫ್ಟ್‌ವೇರ್) ಹೊಸ ಆಂಡ್ರಾಯ್ಡಿಗೆ ಹೊಂದಿಸುವುದನ್ನು ನಿಲ್ಲಿಸುತ್ತಾರೆ. ಆಮೇಲೆ ಫೋನ್ ಕಂಪನಿಯೂ ಕೈ ತೊಳೆದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಫೋನನ್ನು ಸಾಕುವವರು ಯಾರು ಅಂದರೆ, ಸಂಬಳವಿಲ್ಲದೆ ಕೋಡ್ ಬರೆಯುವ ಒಂದಷ್ಟು ಜನ. ಅವರ ಕತೆ 2008ಕ್ಕೆ ಹೋಗುತ್ತದೆ.

ಆ ವರ್ಷ ಮೊದಲ ಆಂಡ್ರಾಯ್ಡ್ ಫೋನ್ ಜಿ1 ಬಂತು. ಆಂಡ್ರಾಯ್ಡಿನ ಸೋರ್ಸ್ ಕೋಡನ್ನೂ ಗೂಗಲ್ ಎಲ್ಲರಿಗೂ ಬಿಟ್ಟುಕೊಟ್ಟಿತು. 2009ರಲ್ಲಿ ಸ್ಟೀವ್ ಕೊಂಡಿಕ್ ಆ ಕೋಡ್ ತೆಗೆದುಕೊಂಡು ಸಯನೋಜೆನ್‌ಮಾಡ್ ಎಂಬ ತನ್ನದೇ ಓಎಸ್ (ಫೋನ್ ನಡೆಸುವ ಮೂಲ ಸಾಫ್ಟ್‌ವೇರ್) ಕಟ್ಟಿದರು. ಆಗ ಖಾಸಗಿತನದ ಮಾತು ಹೆಚ್ಚು ಇರಲಿಲ್ಲ. ಕಂಪನಿ ಕೊಡದ ಹೊಸ ವರ್ಶನ್ ಬೇಕು, ಫೋನ್ ಇನ್ನೂ ಜೋರಾಗಿ ಓಡಬೇಕು, ಅಷ್ಟೆ.

ನಮ್ಮ ಕಡೆಯವರ ಕಾರಣವೇ ಬೇರೆ. 2012ರಲ್ಲಿ ಆಂಡ್ರಾಯ್ಡ್ 4.1 ಬರುವವರೆಗೂ ಅದರಲ್ಲಿ ಕನ್ನಡ ಫಾಂಟೇ ಇರಲಿಲ್ಲ. ಕನ್ನಡದ ಮೆಸೇಜ್ ಬಂದರೆ ಸಾಲಾಗಿ ಚೌಕದ ಡಬ್ಬಿಗಳು. ಒಪೆರಾ ಮಿನಿ ಬ್ರೌಸರಿನ ಸೆಟ್ಟಿಂಗ್‌ನಲ್ಲಿ ಏನೋ ಬದಲಿಸಿ ವೆಬ್‌ಸೈಟ್ ಓದಬಹುದಿತ್ತು, ಉಳಿದ ಕಡೆ ಡಬ್ಬಿಯೇ. ನಾನು ಜೀವನದಲ್ಲಿ ಮೊದಲ ಸಲ ಫೋನ್ ರೂಟ್ ಮಾಡಿದ್ದು (ಅಂದರೆ ಒಳಗಿನ ಫೈಲ್‌ಗಳನ್ನೂ ಬದಲಿಸುವ ಅಧಿಕಾರ ಪಡೆದದ್ದು) ಒಂದು ಫಾಂಟ್ ಫೈಲನ್ನು ಒಳಗೆ ತುರುಕುವುದಕ್ಕೆ! ಖಾಸಗಿತನ ಗಿಸಿಗಿತನ ಯಾರಿಗೆ ಗೊತ್ತಿತ್ತು?

ನನ್ನ ಮಟ್ಟಿಗೆ ಈ ಕತೆ ತಿರುಗಿದ್ದು 2009ರ ಸೆಪ್ಟೆಂಬರಿನಲ್ಲಿ. ಗೂಗಲ್ ಕೊಂಡಿಕ್‌ಗೆ ವಕೀಲರ ಮೂಲಕ ಪತ್ರ ಕಳಿಸಿತು. ಆಂಡ್ರಾಯ್ಡ್ ಮುಕ್ತ, ಸರಿ, ಆದರೆ ಜಿಮೇಲ್, ಮ್ಯಾಪ್ಸ್, ಮಾರ್ಕೆಟ್ (ಈಗಿನ ಪ್ಲೇ ಸ್ಟೋರ್) ನಮ್ಮ ಸ್ವಂತದ್ದು, ಅವನ್ನು ಸೇರಿಸಿ ಹಂಚುವಂತಿಲ್ಲ ಎಂದಿತು. ಕೊಂಡಿಕ್ ಅವನ್ನು ತೆಗೆದರು. ಬೇಕಾದವರು ಗೂಗಲ್ ಆ್ಯಪ್‌ಗಳನ್ನು ಆಮೇಲೆ ಬೇರೆಯಾಗಿ ಹಾಕಿಕೊಳ್ಳುವ ರೂಢಿ ಬಂತು. ಬೇಡದವರು? ಸುಮ್ನೆ ಹಾಗೇ ಬಿಡಬಹುದಿತ್ತು. ಗೂಗಲ್ ಇಲ್ಲದ ಆಂಡ್ರಾಯ್ಡ್ ಫೋನ್ ಹೀಗೆ ಹುಟ್ಟಿತು, ಅದೂ ಗೂಗಲ್ಲಿನ ಪತ್ರದಿಂದಲೇ. ಮರುವರ್ಷ ಮುಕ್ತ ಆ್ಯಪ್‌ಗಳ ಅಂಗಡಿ ಎಫ್-ಡ್ರಾಯ್ಡ್ ಶುರುವಾಯಿತು. ಗೂಗಲ್ ಸೇವೆಗಳ ಜಾಗದಲ್ಲಿ ಕೂರುವ ಮೈಕ್ರೋಜಿ ಆಮೇಲೆ ಬಂತು.

ನಡುವೆ ದುಡ್ಡಿನ ಆಟವೂ ನಡೆಯಿತು. 2013ರಲ್ಲಿ ಸಯನೋಜೆನ್ ಕಂಪನಿಯಾಯಿತು. ಭಾರತದ ಹಕ್ಕನ್ನು ಮೈಕ್ರೋಮ್ಯಾಕ್ಸ್‌ಗೆ ಕೊಟ್ಟಿದ್ದರಿಂದ 2014ರ ಕೊನೆಗೆ, ಅದೇ ಸಯನೋಜೆನ್ ಹಾಕಿ ಫೋನ್ ಮಾರುತ್ತಿದ್ದ ಒನ್‌ಪ್ಲಸ್ ಜೊತೆಗಿನ ಜಗಳ ದೆಹಲಿ ಹೈಕೋರ್ಟಿನವರೆಗೆ ಹೋಯಿತು. 2016ರ ಡಿಸೆಂಬರಿನಲ್ಲಿ ಕಂಪನಿ ತನ್ನ ಸೇವೆ ಮುಚ್ಚುತ್ತೇನೆ ಎಂದಿತು. ಕೋಡ್ ಮುಕ್ತವಾಗಿತ್ತಲ್ವಾ, ಆಸಕ್ತರು ಅದೇ ತಿಂಗಳು ಅದನ್ನು ಎತ್ತಿಕೊಂಡು ಲಿನಿಯೇಜ್ ಓಎಸ್ ಎಂದು ಹೆಸರಿಟ್ಟರು.

ಖಾಸಗಿತನದ ಮಾತು ಜೋರಾಗಿದ್ದು ಇದರ ನಂತರ. 2017ರ ಆಗಸ್ಟಿನಲ್ಲಿ ಪುಟ್ಟಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಯಾಗಿದ್ದರು. 2018ರಲ್ಲಿ ಅಮೆರಿಕದ ಪ್ರೊಫೆಸರ್ ಡಗ್ಲಸ್ ಶ್ಮಿಟ್ ಒಂದು ಪರೀಕ್ಷೆ ಮಾಡಿದರು. ಮುಟ್ಟದೆ ಒಂದೇ ಕಡೆ ಇಟ್ಟ, ಹಿನ್ನೆಲೆಯಲ್ಲಿ ಕ್ರೋಮ್ ಓಡುತ್ತಿದ್ದ ಆಂಡ್ರಾಯ್ಡ್ ಫೋನ್ 24 ಗಂಟೆಯಲ್ಲಿ 340 ಸಲ ತಾನಿರುವ ಜಾಗದ ಸುಳಿವನ್ನು ಗೂಗಲ್ಲಿಗೆ ಕಳಿಸಿತ್ತು. 2019ರ ಕೊನೆಗೆ ನೌಕಾಪಡೆ ತನ್ನ ನೆಲೆಗಳಲ್ಲಿ, ಹಡಗುಗಳಲ್ಲಿ ಸ್ಮಾರ್ಟ್‌ಫೋನ್ ನಿಷೇಧಿಸಿತು. ಕಾರವಾರದ ಕದಂಬ ನೆಲೆಗೂ ಆ ನಿಯಮ ಬಂತು. ಮ್ಯಾಂಡ್ರೇಕ್ ಲಿನಕ್ಸ್ ಎಂಬ ಕಂಪ್ಯೂಟರ್ ಓಎಸ್ ಕಟ್ಟಿದ್ದ ಗೇಲ್ ಡುವಾಲ್ ಲಿನಿಯೇಜ್ ಮೇಲೆಯೇ ಇ-ಓಎಸ್ ಮಾಡಿದರು, ಮೈಕ್ರೋಜಿ ಅದರಲ್ಲೇ ಸೇರಿರುತ್ತದೆ. ಆಂಡ್ರಾಯ್ಡನ್ನೇ ಬಿಟ್ಟು, ಹಳೆಯ ಫೋನಿಗೆ ಹತ್ತು ವರ್ಷ ಆಯುಸ್ಸು ಕೊಡಬೇಕೆಂದು 2017ರಲ್ಲಿ ಹೊರಟ ಪೋಸ್ಟ್‌ಮಾರ್ಕೆಟ್ ಓಎಸ್ ಕೂಡ ಇದೆ. ಅದು ಇನ್ನೂ ಹವ್ಯಾಸಿಗಳ ಆಟ. ಅಪ್ಪಯ್ಯನ ಕೈಗೆ ಕೊಡುವಂಥದ್ದಲ್ಲ.

ಇಲ್ಲೊಂದು ಒಡಕು ಇದೆ, ಇದನ್ನು ಜಾಸ್ತಿ ಜನ ಹೇಳುವುದಿಲ್ಲ. ಖಾಸಗಿತನ ಬೇರೆ, ಭದ್ರತೆ ಬೇರೆ. ಹೊಸ ಓಎಸ್ ಹಾಕಲು ಫೋನ್ ಆನ್ ಆಗುವಾಗ ಓಎಸ್ ಶುರು ಮಾಡಿಸುವ ಬೂಟ್‌ಲೋಡರಿನ ಬೀಗ ತೆಗೆಯಬೇಕು. ಎಷ್ಟೋ ಫೋನ್‌ಗಳಲ್ಲಿ ಆ ಬೀಗವನ್ನು ಮತ್ತೆ ಹಾಕಲು ಆಗುವುದಿಲ್ಲ. ಫೋನ್ ಕಳ್ಳನ ಕೈಗೆ ಸಿಕ್ಕರೆ ಅವನಿಗೆ ಕೆಲಸ ಸುಲಭ. ಚಿಪ್ಪಿನ ಒಳಗಿನ ಕೋಡ್ ಹೊರಗೆ ಬಿಡದ ಫರ್ಮ್‌ವೇರಿನ (ಚಿಪ್ಪಿನದೇ ಸಾಫ್ಟ್‌ವೇರಿನ) ತೂತುಗಳನ್ನಂತೂ ಲಿನಿಯೇಜ್‌ನವರು ಮುಚ್ಚಲಾರರು, ಅದು ಚಿಪ್ ಕಂಪನಿಯಿಂದಲೇ ಬರಬೇಕು. ಅದಕ್ಕೇ ಭದ್ರತೆಯೇ ಮುಖ್ಯ ಎನ್ನುವ ಗ್ರಾಫೀನ್ ಓಎಸ್‌ನವರು ಬಹುಕಾಲ ಗೂಗಲ್ಲಿನ ಪಿಕ್ಸೆಲ್ ಬಿಟ್ಟು ಬೇರೆ ಫೋನ್ ಮುಟ್ಟಲಿಲ್ಲ. ಹಳೆಯ ಫೋನ್ ಎಂದರೆ ಒಲ್ಲೆ ಎನ್ನುತ್ತಾರೆ. ಸೊಕ್ಕು ಅನಿಸಬಹುದು, ಆದರೆ ಅವರ ವಾದದಲ್ಲಿ ಹುರುಳಿದೆ.

ನಾನು ಅಪ್ಪಯ್ಯನ ಫೋನಿಗೆ ಲಿನಿಯೇಜ್ ಹಾಕಿದ್ದು ಮಳೆಗಾಲದಲ್ಲಿ. ಮನೆಯಲ್ಲಿ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಕೊಡೆ ಹಿಡಿದು ಗುಡ್ಡ ಹತ್ತಿ ಫೈಲ್ ಇಳಿಸಿಕೊಂಡೆ. ಬೀಗ ತೆಗೆದ ಕೂಡಲೇ ಫೋನ್ ಪೂರ್ತಿ ಖಾಲಿಯಾಗುತ್ತದೆ ಎಂದು ಗೊತ್ತಿದ್ದೂ ಮೊಮ್ಮಗಳ ಫೋಟೋ ಕಾಪಿ ಮಾಡಿಕೊಂಡಿರಲಿಲ್ಲ. ಅದರ ಬೈಗುಳ ಈಗಲೂ ಮುಗಿದಿಲ್ಲ. ವಾಟ್ಸಾಪ್ ನಡೆಯಿತು. ಯಕ್ಷಗಾನ ಬ್ರೌಸರಿನಲ್ಲಿ ಬಂತು. ಬ್ಯಾಂಕಿನ ಆ್ಯಪ್ ಮಾತ್ರ ತೆರೆಯಲಿಲ್ಲ. ಇಂಥ ಎಷ್ಟೋ ಆ್ಯಪ್‌ಗಳು ಫೋನ್ ಪ್ರಮಾಣಿತವೋ ಅಲ್ಲವೋ ಎಂದು ಗೂಗಲ್ಲನ್ನೇ ಕೇಳುತ್ತವೆ. ಬೀಗ ತೆಗೆದ ಫೋನಿಗೆ ಅಲ್ಲಿ ಪಾಸ್ ಸಿಗುವುದಿಲ್ಲ. ಐದು ವರ್ಷದಿಂದ ಒಂದೂ ಅಪ್‌ಡೇಟ್ ಕಾಣದ, ಆದರೆ ಬೀಗ ಹಾಕಿಯೇ ಇರುವ ಫೋನಿಗೆ ಮಾತ್ರ ಎಷ್ಟೋ ಸಲ ಪಾಸ್!

ಅಪ್ಪಯ್ಯನಿಗೆ ಇದನ್ನೆಲ್ಲ ವಿವರಿಸಲು ಕೂತೆ. ಅರ್ಧಕ್ಕೇ ಕೈ ಅಡ್ಡ ತಂದ. ಅಡಿಕೆ ದುಡ್ಡು ಸೊಸೈಟಿಯ ಖಾತೆಗೇ ಬರ್ತು, ಫೋನಲ್ಲಿ ಬ್ಯಾಂಕ್ ಯಾಕೆ ಎಂದು ಕೇಳಿ, ಚಾಲಿ ದರ ಎಷ್ಟಾಯಿತು ನೋಡು ಎಂದು ಫೋನ್ ನನ್ನ ಕೈಗೇ ಕೊಟ್ಟ.